ಆಕಳಿಕೆ ಅಕ್ಕ ಮತ್ತು ಗುರುಗುಟ್ಟುವುದನ್ನು ಮರೆತ ನಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈಲರ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿ, ನೀರಿನ ಮೀಟರಿನ ಪಕ್ಕ, ಹೆಂಗಸೊಬ್ಬರು ಗೋಡೆಗೆ ಮುಖ ಮಾಡಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ಯಾರೋ ಶಿಕ್ಷೆ ಕೊಟ್ಟು ಕೂರಿಸಿದ ಹಾಗಿದೆ. ಅವರ ಬೆನ್ನ ಹಿಂದೆ ಕಂದು ಬಣ್ಣದ ನಾಯಿಯೊಂದು ಕಿಟಕಿಯ ಕಂಬಿಗೆ ಕಟ್ಟಿದ ಉದ್ದನೆಯ ಹಗ್ಗದಲ್ಲಿ ನಿಂತಿದೆ. ಅದರ ಬಾಯಿಗೆ ತಂತಿಯ ಕುಕ್ಕೆ. ಹೆಂಗಸು ತಿರುಗಿ ನೋಡುವುದಿಲ್ಲ. ಬಾಯಿ ಅಗಲಿಸಿ ಒಮ್ಮೆ ಆಕಳಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಆಕಳಿಸುತ್ತಾರೆ. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ, ಬೇಯಿಸಿದ ಕೋಳಿಯ ಚೂರೊಂದನ್ನು ತೆಗೆದು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ. ನಾಯಿ ಮೊದಲು ಚೂರನ್ನು ನೋಡುತ್ತದೆ, ಆಮೇಲೆ ಅವರ ಬೆನ್ನನ್ನು ನೋಡುತ್ತದೆ, ಕೊನೆಗೆ ಕುಕ್ಕೆಯ ಸಂದಿಯಿಂದ ನಾಲಿಗೆ ಚಾಚಿ ಅದನ್ನು ಎತ್ತಿಕೊಳ್ಳುತ್ತದೆ.

ಮೇಲಿನ ಮಹಡಿಯ ಕಿಟಕಿಯಲ್ಲಿ ಹಲ್ಲುಜ್ಜುತ್ತ ನಿಂತ ಗಂಡಸು ಕೇಳುತ್ತಾನೆ, "ಏನಕ್ಕಾ, ರಾತ್ರಿ ನಿದ್ದೆ ಆಗಿಲ್ವಾ?"

"ನಿದ್ದೆ ಚೆನ್ನಾಗಿ ಆಗಿದೆ ಅಣ್ಣ. ಇದು ಡ್ಯೂಟಿ."

ಈ ಡ್ಯೂಟಿಯಿಂದಲೇ ಅವರಿಗೆ ಆಕಳಿಕೆ ಅಕ್ಕ ಎಂಬ ಹೆಸರು ಬಿದ್ದಿದೆ. ಕಚ್ಚುವ ನಾಯಿಗಳಿರುವ ಮನೆಗಳಿಗೆ ಹೋಗಿ, ಅವುಗಳ ಭಯವನ್ನು ಕೋಲಿಲ್ಲದೆ, ಗದರಿಕೆಯಿಲ್ಲದೆ, ಕತ್ತು ಬಿಗಿಯುವ ಸರಪಳಿಯಿಲ್ಲದೆ ಇಳಿಸುವುದು ಅವರ ಕೆಲಸ. ದಿನದ ಮೊದಲ ಮನೆಗೆ ಬೆಳಗಿನ ಜಾವವನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದಾರೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಸೈಕಲ್ಲಿಲ್ಲ, ಶಾಲೆಯ ಮಕ್ಕಳಿಲ್ಲ, ನಾಯಿಯ ಎದೆ ಹೊಡೆದುಕೊಳ್ಳುವಂಥದ್ದೇನೂ ಇಲ್ಲ.

ಆಕಳಿಸುವುದೇಕೆ ಎಂದು ಕೇಳಿದರೆ ಅವರು ಗುಟ್ಟು ಮಾಡುವುದಿಲ್ಲ. "ಎರಡು ನಾಯಿ ಎದುರುಬದುರು ಬಂದಾಗ ನೋಡಿ. ಜಗಳ ಬೇಡ ಅನ್ನೋದು ಮುಖ ಆ ಕಡೆ ತಿರುಗಿಸುತ್ತೆ, ಇಲ್ಲ ಆಕಳಿಸುತ್ತೆ, ನೆಲ ಮೂಸ್ತಾ ನಿಲ್ಲುತ್ತೆ. ನೆಲ ಮೂಸೋದಕ್ಕೆ ನನ್ನ ಸೊಂಟ ಬಿಡಲ್ಲ. ಅದಕ್ಕೆ ಆಕಳಿಸ್ತೀನಿ."

ಅಕ್ಕನ ಗಂಡ ಬಸ್ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ಹಿಂದಿನ ರಾತ್ರಿಯೇ ಕೋಳಿ ಬೇಯಿಸಿ, ಆರಿಸಿ, ಉಗುರಿನ ಗಾತ್ರಕ್ಕೆ ಹೆಚ್ಚಿ ಚೀಲ ತುಂಬಿಸಿ ಕೊಡುವುದು ಅವರ ಪಾಲಿನ ಕೆಲಸ. "ನಾನು ಮಾತಾಡೋವಾಗ್ಲೂ ಆಕಳಿಸ್ತಾಳೆ. ಸಮಾಧಾನ ಮಾಡ್ತಿದ್ದಾಳೋ, ಬೇಜಾರಾಗಿದೆಯೋ, ಇವತ್ತಿಗೂ ಗೊತ್ತಾಗಿಲ್ಲ," ಎನ್ನುತ್ತಾರೆ ಮುಖ ಗಂಟಿಕ್ಕಿಕೊಂಡೇ.

ಅಕ್ಕ ಮೊದಲು ಆಸ್ಪತ್ರೆಯೊಂದರ ಗಾಯ ಕಟ್ಟುವ ಕೋಣೆಯಲ್ಲಿ ಆಯಾ. ಬಿಳಿ ಟೈಲ್ಸಿನ ಚಿಕ್ಕ ಕೋಣೆ, ಗೋಡೆಗೆ ತಾಗಿದ ಬೆಂಚು, ಅದರ ಮೇಲೆ ಸರದಿಗೆ ಕಾಯುವ ಜನ. ಸುಟ್ಟ ಗಾಯ, ಬಿದ್ದ ಗಾಯ, ಅವುಗಳ ನಡುವೆ ನಾಯಿ ಕಚ್ಚಿದ ಗಾಯ. ಬಿದ್ದವರು ಹೇಗೆ ಬಿದ್ದೆವೆಂದು ಉದ್ದಕ್ಕೆ ಹೇಳುತ್ತಿದ್ದರು. ನಾಯಿ ಕಚ್ಚಿಸಿಕೊಂಡವರದು ಮಾತ್ರ ಒಂದೇ ಮಾತು: ಸುಮ್ಸುಮ್ನೆ ಕಚ್ಚಿಬಿಡ್ತು. ಅಕ್ಕ ಆ ಮಾತನ್ನು ಅಲ್ಲಿಗೇ ಬಿಡುತ್ತಿರಲಿಲ್ಲ. ಬ್ಯಾಂಡೇಜು ಸುತ್ತುತ್ತಲೇ ಕೇಳುತ್ತಿದ್ದರು, "ಅದಕ್ಕೂ ಮುಂಚೆ ಏನಾಯ್ತು?" ಮುಂಚೆ ಏನಾದರೂ ಆಗಿಯೇ ಇರುತ್ತಿತ್ತು. ಮಗು ನಾಯಿಯ ಕುತ್ತಿಗೆ ತಬ್ಬಿರುತ್ತಿತ್ತು. ಯಾರೋ ಊಟದ ತಟ್ಟೆ ಎಳೆದಿರುತ್ತಿದ್ದರು. ಮಂಚದ ಕೆಳಗೆ ಅವಿತಿದ್ದನ್ನು ಕಾಲು ಹಿಡಿದು ಎಳೆದಿರುತ್ತಿದ್ದರು.

ಆಸ್ಪತ್ರೆಯ ಬೀದಿಯಲ್ಲೇ ಪಶುವೈದ್ಯೆಯೊಬ್ಬರ ಕ್ಲಿನಿಕ್ಕು. ರಜೆಯ ದಿನಗಳಲ್ಲಿ ಅಕ್ಕ ಅಲ್ಲಿಗೆ ಹೋಗಿ ಕೂರತೊಡಗಿದರು. ನಾಯಿಗಳು ತಕ್ಕಡಿ ಹತ್ತುವಾಗ, ಸೂಜಿ ಕಂಡಾಗ, ಒಂದನ್ನೊಂದು ಹಾದು ಹೋಗುವಾಗ ಕಿವಿ, ಬಾಲ, ತುಟಿ ಏನು ಮಾಡುತ್ತವೆ ಎಂದು ನೋಡುವುದೇ ಕೆಲಸ. ಪಶುವೈದ್ಯೆ ಹೇಳಿಕೊಟ್ಟರು, ತಪ್ಪಿದಾಗ ತಿದ್ದಿದರು, ಆಮೇಲೊಂದು ದಿನ ಕಚ್ಚುವ ನಾಯಿಯ ಮನೆಯೊಂದಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋದರು. ಹಾಗೆ ಶುರುವಾಯಿತು. ಈಗ ದಿನಕ್ಕೆ ಮೂರು ಮನೆ, ಕೆಲವೊಮ್ಮೆ ನಾಲ್ಕು. ಬಲ ಮೊಣಕೈಯಿಂದ ಕೆಳಗೆ ಹಳೆಯ ಹಲ್ಲಿನ ಗುರುತುಗಳಿವೆ. ಅವನ್ನು ತೋರಿಸಲು ಅಕ್ಕನಿಗೆ ಇಷ್ಟವಿಲ್ಲ. "ಅವೆಲ್ಲ ನಾನು ಅವಸರ ಮಾಡಿದ ದಿನಗಳು," ಎಂದು ರವಿಕೆಯ ಉದ್ದ ತೋಳು ಇಳಿಸಿಕೊಳ್ಳುತ್ತಾರೆ.

ಕಷ್ಟ ನಾಯಿಗಳದ್ದಲ್ಲ, ನೋಡುವವರದ್ದು. ಹುಲಿ ಪಳಗಿಸುವವರನ್ನು ಕಾದು ಕೂತವರಿಗೆ, ಬೆನ್ನು ತಿರುಗಿಸಿ ಆಕಳಿಸುವ ಹೆಂಗಸು ಬಂದರೆ ನಿರಾಸೆಯಾಗುತ್ತದೆ. "ಎರಡು ಬಿಗಿದ್ರೆ ದಾರಿಗೆ ಬರಲ್ವಾ?" ಎಂದು ಕೇಳದ ಮನೆಯಿಲ್ಲ. ಕೋಳಿಯ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿ ಸರಿದು ಕೂರುತ್ತಾರೆ. ಅಕ್ಕನಿಗೆ ಅದರಿಂದ ಲಾಭವೇ. ಕಾಲು ಚಾಚಲು ಜಾಗ ಸಿಗುತ್ತದೆ.

ಎಲ್ಲ ನಾಯಿಯೂ ಸರಿಹೋಗುವುದಿಲ್ಲ. ಇದನ್ನು ಅವರು ಮೊದಲ ದಿನವೇ ಹೇಳುತ್ತಾರೆ. ಪುಟ್ಟ ಮಕ್ಕಳಿದ್ದ ಮನೆಯೊಂದರ ದೊಡ್ಡ ನಾಯಿಯ ಬಗ್ಗೆ ಒಮ್ಮೆ ಪಶುವೈದ್ಯೆಗೆ "ಆಗಲ್ಲ" ಎಂದು ಹೇಳಬೇಕಾಯಿತು. ಅದನ್ನು ಕೊನೆಯ ನಿದ್ದೆಗೆ ಕಳಿಸುವ ಸೂಜಿ ಚುಚ್ಚುವಾಗ ಅಕ್ಕ ಅದರ ಪಕ್ಕ ನೆಲದ ಮೇಲೆ ಕೂತಿದ್ದರು.

ಟೈಲರ್ ಮನೆಯ ಈ ಕಂದು ನಾಯಿಯ ವಿಷಯದಲ್ಲೂ ಪಶುವೈದ್ಯೆ ಕಾಯುತ್ತಿರುವುದು ಅಕ್ಕನ ಒಂದು ಮಾತಿಗೆ. "ನೀವು ಆಗಲ್ಲ ಅಂದ್ರೆ ಮಾತ್ರ ನಾನು ಬರ್ತೀನಿ," ಎಂದಿದ್ದಾರೆ. ಮಾತು ಹೇಳುವ ದಿನವೂ ಹತ್ತಿರವಾಗಿದೆ.

ನಾಯಿಯ ಹೆಸರು ಕಾಜಾ. ಅಂಗಿಯಲ್ಲಿ ಗುಂಡಿ ತೂರಿಸಲು ಬಿಡುವ ತೂತಿಗೆ ಟೈಲರುಗಳು ಹೇಳುವ ಹೆಸರದು. ಈ ಅಂಗಡಿಯಲ್ಲಿ ಕಾಜಾ ಕೆಲಸವೆಲ್ಲ ಟೈಲರನ ತಾಯಿಯದು, ಕೈಹೊಲಿಗೆ. ಮರಿಯಾಗಿದ್ದಾಗ ನಾಯಿ ಅವರ ಸೆರಗು ಬಿಟ್ಟು ಕದಲುತ್ತಿರಲಿಲ್ಲವಾದ್ದರಿಂದ ಆ ಹೆಸರು ನಿಂತಿತು. ಬೆಳೆದ ಮೇಲೆ ಅದರ ಜಾಗ ಹೊಲಿಗೆ ಯಂತ್ರದ ಕೆಳಗೆ. ಅಂಗಡಿಗೆ ಬಂದವರು ಅಳತೆ ಕೊಡಲು ಕೈ ಅಗಲಿಸಿ ನಿಂತರೆ, ಯಾರಾದರೂ ಬಿದ್ದ ಚೀಲ ಎತ್ತಲು ಬಗ್ಗಿದರೆ, ಯಂತ್ರದ ಕೆಳಗಿನಿಂದ ಗುರ್ ಎಂಬ ಸದ್ದು ಬರುತ್ತಿತ್ತು. ಗಿರಾಕಿಗಳು ಬೆಚ್ಚುತ್ತಿದ್ದರು. ಟೈಲರ್‌ಗೆ ನಾಚಿಕೆ. ಬಟ್ಟೆ ಅಳೆಯುವ ಮರದ ಗಜಕಡ್ಡಿಯಿಂದ ಮೂತಿಗೆ ಒಂದು ತಟ್ಟುತ್ತಿದ್ದರು. ಸದ್ದು ಬಂದಾಗಲೆಲ್ಲ ತಟ್ಟಿದರು. ಕೆಲವೇ ತಿಂಗಳಲ್ಲಿ ನಾಯಿ ಗುರುಗುಟ್ಟುವುದನ್ನು ಬಿಟ್ಟಿತು. "ಎಷ್ಟು ಶಿಸ್ತು ಕಲಿಸಿದ್ದೀರಿ," ಎಂದು ಗಿರಾಕಿಗಳು ಹೊಗಳಿದರು. ಟೈಲರ್‌ಗೂ ಒಳಗೊಳಗೇ ಹೆಮ್ಮೆ.

ಒಂದು ಮಧ್ಯಾಹ್ನ ತಾಯಿ, ಉರುಳಿದ ನೂಲಿನ ಉಂಡೆಗಾಗಿ ಯಂತ್ರದ ಕೆಳಗೆ ಕೈ ಚಾಚಿದರು. ಕಾಜಾ ಸದ್ದಿಲ್ಲದೆ ಕಚ್ಚಿತು. ಸೂಜಿ ಹಿಡಿಯುವ ಕೈಯ ಮಣಿಕಟ್ಟಿಗೆ ಹೊಲಿಗೆ ಬಿತ್ತು. ಪಶುವೈದ್ಯೆ ಪರೀಕ್ಷಿಸಿದಾಗ ನಾಯಿಯ ಕಿವಿಯೊಳಗೆ ಹುಣ್ಣು ಇದ್ದದ್ದು ಕಂಡಿತು. ಅದಕ್ಕೆ ಔಷಧಿಯಾಯಿತು. ಆದರೆ ತಾಯಿ ಗಾಯ ಒಣಗುವ ಮೊದಲೇ ಬಟ್ಟೆಬರೆ ಕಟ್ಟಿಕೊಂಡು ದೊಡ್ಡ ಮಗಳ ಮನೆಗೆ ಹೊರಟುಬಿಟ್ಟರು. ಹೋಗುವಾಗ ಹೇಳಿದ್ದು ಇಷ್ಟು: "ಕಚ್ಚಿದ್ದಕ್ಕಲ್ಲ ಕಣೋ. ಒಂದು ಮಾತು ಹೇಳದೆ ಕಚ್ತಲ್ಲ, ಅದಕ್ಕೆ. ಅದು ಇಲ್ಲಿರೋವರೆಗೂ ನಾನು ಈ ಹೊಸಿಲು ತುಳಿಯಲ್ಲ."

ಒಂದು ಕಡೆ ತಾಯಿ, ಇನ್ನೊಂದು ಕಡೆ ಪಶುವೈದ್ಯೆಯ ಕೊನೆಯ ಸೂಜಿ. ಟೈಲರ್ ಅಕ್ಕನಿಗೆ ಫೋನ್ ಮಾಡಿದರು.

"ಅಕ್ಕ, ಒಂದು ಸುಳಿವಾದ್ರೂ ಕೊಡಬೇಡವಾ ಅದು?" ಎಂದು ಮೊದಲ ದಿನ ಟೈಲರ್ ಕೇಳಿದರು.

"ಕೊಡ್ತಿತ್ತಲ್ಲ ಅಣ್ಣ. ಬೇಡ ಅಂದವರು ನೀವು."

ಗುರುಗುಟ್ಟುವುದನ್ನು ನಿಲ್ಲಿಸಿದರೆ ಭಯ ನಿಲ್ಲುವುದಿಲ್ಲ, ಭಯದ ಸದ್ದು ಮಾತ್ರ ನಿಲ್ಲುತ್ತದೆ: ಅಕ್ಕ ಮನೆಮನೆಯಲ್ಲಿ ಬಿಡಿಸಿ ಹೇಳಬೇಕಾಗಿ ಬರುವುದು ಇದನ್ನೇ. ನಾಯಿ ಕಚ್ಚುವ ಮೊದಲು ಹತ್ತಾರು ಬಗೆಯಲ್ಲಿ ಹೇಳುತ್ತದೆ. ತುಟಿ ನೆಕ್ಕುತ್ತದೆ, ಮುಖ ತಿರುಗಿಸುತ್ತದೆ, ಕಣ್ಣಂಚಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರುತ್ತದೆ, ಉಸಿರು ಬಿಗಿಹಿಡಿದು ಕಲ್ಲಾಗುತ್ತದೆ. ಕೊನೆಗೆ ಗುರುಗುಟ್ಟುತ್ತದೆ. ಯಾವುದಕ್ಕೂ ಬೆಲೆ ಸಿಗದಿದ್ದರೆ ಹಲ್ಲು.

ಟೈಲರ್ ಅಂಗಡಿಯ ನೆಲದ ಮೇಲೆ ಈಗ ನೀಲಿ ಸೀಮೆಸುಣ್ಣದ ಗೆರೆಯೊಂದಿದೆ. ಬಟ್ಟೆಗೆ ಗುರುತು ಹಾಕುವ ಸುಣ್ಣದಿಂದಲೇ ಅಕ್ಕ ಎಳೆದದ್ದು. ಕಾಜಾನ ಹಗ್ಗ ತಲುಪುವುದು ಅಲ್ಲಿಯವರೆಗೆ. ಗೆರೆಯ ಆಚೆ ಟೈಲರ್ ಸ್ವಲ್ಪವೇ ಬಗ್ಗುತ್ತಾರೆ, ನಾಯಿಗೆ ಒಂದು ಚೂರು ಬೀಳುತ್ತದೆ. ಇನ್ನಷ್ಟು ಬಗ್ಗುತ್ತಾರೆ, ಇನ್ನೊಂದು ಚೂರು. ನಾಯಿ ಒಮ್ಮೆ ತುಟಿ ನೆಕ್ಕಿದರೂ ಸಾಕು, ಟೈಲರ್ ನೆಟ್ಟಗಾಗಿ ಹಿಂದೆ ಸರಿಯಬೇಕು. ಗಜಕಡ್ಡಿಯನ್ನು ಬಚ್ಚಿಡುವ ಹಾಗಿಲ್ಲ, ಅದಿಲ್ಲದೆ ಅಂಗಡಿ ನಡೆಯದು. ಹಾಗಾಗಿ ಕಡ್ಡಿಯನ್ನು ಮೇಜಿನ ಮೇಲಿಡುವ ಪ್ರತಿ ಸದ್ದಿಗೂ ಕೋಳಿಯ ಚೂರು. ಮೊದಮೊದಲು ಆ ಸದ್ದಿಗೆ ಮೂಲೆ ಸೇರುತ್ತಿದ್ದ ನಾಯಿ ಈಗ ತಲೆಯೆತ್ತಿ ನೋಡುತ್ತದೆ.

"ಇದು ನಾಯಿಗೆ ಟ್ರೈನಿಂಗೋ, ನನಗೋ?" ಎಂದು ಟೈಲರ್ ಸೊಂಟ ಹಿಡಿದುಕೊಳ್ಳುತ್ತಾರೆ.

"ನಿಮಗೇ ಚೂರು ಎಸೀಲಾ?"

"ಉಪ್ಪು ಖಾರ ಇದ್ರೆ ಎಸೀರಿ."

ಕಾಜಾ ಸುಧಾರಿಸಿದೆ. ತುಟಿ ನೆಕ್ಕುತ್ತದೆ, ಮುಖ ತಿರುಗಿಸುತ್ತದೆ. ಆದರೆ ಅಕ್ಕನಿಗೆ ಸಮಾಧಾನವಿಲ್ಲ. ಸಣ್ಣ ಸನ್ನೆಗಳನ್ನು ಎಲ್ಲರೂ ಎಲ್ಲ ಹೊತ್ತೂ ಗಮನಿಸುತ್ತಾರೆಂದು ನಂಬುವ ಹಾಗಿಲ್ಲ. ವಯಸ್ಸಾದ ಹೆಂಗಸು ಓಡಾಡುವ ಮನೆಯಲ್ಲಿ ಸದ್ದೇ ಮಾಡದ ನಾಯಿಯ ಪರವಾಗಿ ಮಾತು ಕೊಡಲು ಅವರ ಮನಸ್ಸು ಒಪ್ಪುವುದಿಲ್ಲ. ಗುರುಗುಟ್ಟುವುದು ಮರಳಿ ಬಾರದಿದ್ದರೆ ಏನು ಹೇಳಬೇಕೆಂದು ಅವರಿಗೆ ಗೊತ್ತಿದೆ.

ಗಲ್ಲಿಯಲ್ಲಿ ಆಕಳಿಸಿ ಎದ್ದ ಈ ದಿನವೇ ತಾಯಿ ಬರುವವರಿದ್ದಾರೆ. ಬಿಸಿಲೇರಿದ ಮೇಲೆ ಬರುತ್ತಾರೆ. ಹೊಸಿಲು ತುಳಿಯಲಾರೆ ಎಂದವರು ತುಳಿದೇ ಒಳಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. "ಏನು ತೀರ್ಮಾನ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ," ಎನ್ನುತ್ತಾರೆ ಯಾರ ಮುಖವನ್ನೂ ನೋಡದೆ. ಕಾಜಾ ಗೆರೆಯೊಳಗೆ ಮಲಗಿದೆ, ಬಾಯಿಗೆ ಕುಕ್ಕೆ ಇದೆ. ಬಾಲ ನೆಲಕ್ಕೆ ಒಮ್ಮೆ ಬಡಿಯುತ್ತದೆ. ಅದನ್ನೂ ಅವರು ನೋಡುವುದಿಲ್ಲ.

ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈ. ಮೇಜಿನ ಮೇಲಿದ್ದ ಅಂಗಿಯೊಂದನ್ನು ಎಳೆದುಕೊಂಡು, ಗಾಯವಾದ ಕೈಯಲ್ಲೇ ಕಾಜಾ ಹಾಕತೊಡಗುತ್ತಾರೆ. ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಟ್ಟ ಲೋಹದ ಟೊಪ್ಪಿಗೆ ಜಾರಿ ಬೀಳುತ್ತದೆ, ಉರುಳಿ ಗೆರೆ ದಾಟುತ್ತದೆ. ತಾಯಿ ಯೋಚಿಸದೆ ಎದ್ದು ಬಗ್ಗಿ ಕೈ ಚಾಚುತ್ತಾರೆ.

ನಾಯಿ ಕಲ್ಲಾಗುತ್ತದೆ. ಆಮೇಲೆ ಎಲ್ಲೋ ಹೊಟ್ಟೆಯಾಳದಿಂದ, ತುಕ್ಕು ಹಿಡಿದ ಬಾಗಿಲು ಸರಿದ ಹಾಗೆ, ಗುರ್ ಎನ್ನುತ್ತದೆ.

ಟೈಲರನ ಕೈ ತಾನಾಗಿ ಗಜಕಡ್ಡಿಯ ಕಡೆ ಹೋಗುತ್ತದೆ.

"ಕೈ ತೆಗೀರಿ," ಅಕ್ಕನ ದನಿ ಏರುವುದಿಲ್ಲ. "ಅಮ್ಮ, ನೀವು ಹಾಗೇ ನಿಧಾನಕ್ಕೆ ಹಿಂದೆ ಬನ್ನಿ."

ತಾಯಿ ಹಿಂದೆ ಸರಿಯುತ್ತಾರೆ. ಸದ್ದು ನಿಲ್ಲುತ್ತದೆ. ಕಾಜಾ ಮುಖ ಆ ಕಡೆ ತಿರುಗಿಸಿ, ಉದ್ದಕ್ಕೆ ಉಸಿರು ಬಿಟ್ಟು, ಗಲ್ಲವನ್ನು ಮುಂಗಾಲ ಮೇಲಿಡುತ್ತದೆ. ಅಕ್ಕ ಅದರ ಕಡೆ ಒಂದರ ಹಿಂದೊಂದು ಚೂರು ಎಸೆಯುತ್ತಾರೆ.

"ಏನಮ್ಮಾ, ಬೈತಾ ಅದು ನನ್ನನ್ನ?" ಎಂದು ತಾಯಿ ಕೇಳುತ್ತಾರೆ.

"ಬೈಲಿಲ್ಲ ಅಮ್ಮ. ಹತ್ರ ಬರಬೇಡಿ, ಭಯ ಆಗ್ತಿದೆ ಅಂತು."

"ಅಷ್ಟೇನಾ? ಇದನ್ನೇ ಅವತ್ತು ಹೇಳಿದ್ದಿದ್ರೆ ನಾನು ಕೈ ಹಾಕ್ತಿದ್ನಾ? ನಾನೇನು ಹೇಳಿದ್ರೆ ಕೇಳದವಳಾ?"

"ಮೊದಲು ಹೇಳ್ತಿತ್ತಮ್ಮ," ಎನ್ನುತ್ತಾರೆ ಟೈಲರ್. ತಾಯಿ ಗಜಕಡ್ಡಿಯನ್ನೂ ಮಗನನ್ನೂ ನೋಡಿ, ಕುರ್ಚಿಗೆ ಮರಳುತ್ತಾರೆ.

ಅಕ್ಕ ಹೊರಗೆ ಹೋಗಿ ಪಶುವೈದ್ಯೆಗೆ ಫೋನ್ ಮಾಡುತ್ತಾರೆ. "ಡಾಕ್ಟ್ರೇ, ಗುರ್ ಅಂತು. ಹೂಂ, ಚೆನ್ನಾಗೇ ಅಂತು. ನೀವು ಬರೋದು ಬೇಡ." ಒಳಗೆ ಬಂದು ಕರಾರುಗಳನ್ನು ಹೇಳುತ್ತಾರೆ. ಅಂಗಡಿ ತೆರೆದಿರುವಾಗ ಕಾಜಾ ಯಂತ್ರದ ಕೆಳಗಲ್ಲ, ಹಿಂದಿನ ಕೋಣೆಯಲ್ಲಿ. ಜನ ಬಂದಾಗ ಕುಕ್ಕೆ. ಮಲಗಿದ ನಾಯಿಯ ಕಡೆ ಯಾರೂ ಕೈ ಚಾಚಬಾರದು. ಇನ್ನೂ ಬಹಳ ತಿಂಗಳು ಈ ಕೆಲಸವಿದೆ. ತಾಯಿಯದೂ ಒಂದು ಕರಾರಿದೆ. "ನಾಳೆ ಅಲ್ಲಿಂದ ನನ್ನ ಬಟ್ಟೆಬರೆ ತಂದ್ಬಿಡು. ಆದ್ರೆ ಆ ಗೆರೆ ಮಾತ್ರ ಅಳಿಸಬೇಡ. ಅದರ ಮನೆ ಎಲ್ಲಿಗೆ ಮುಗಿಯುತ್ತೆ ಅಂತ ನನಗೂ ಗೊತ್ತಾಗಬೇಕಲ್ಲ."

ಮುಂದಿನ ಮನೆ ನಗರದ ಇನ್ನೊಂದು ತುದಿಯಲ್ಲಿದೆ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಅಕ್ಕ ಚೀಲದಲ್ಲಿ ಉಳಿದ ಚೂರುಗಳನ್ನು ಕೈಯಲ್ಲೇ ತೂಗಿ ನೋಡುತ್ತಾರೆ, ಸಾಕಾಗುತ್ತದೋ ಇಲ್ಲವೋ ಎಂದು. ಅಲ್ಲಿಯೂ ಕಚ್ಚಿದ ಮೇಲೆಯೇ ಕರೆ ಬಂದಿದೆ. ಈ ಕೆಲಸದಿಂದ ಇನ್ನೇನು ಬೇಕು ಎಂದು ಕೇಳಿದರೆ ಚೀಲದ ಬಾಯಿ ಕಟ್ಟುತ್ತಾರೆ. ಬಸ್ಸು ದೂರದ ತಿರುವಿನಲ್ಲಿ ಕಾಣಿಸಿದಾಗ ಏಳುತ್ತ ಹೇಳುತ್ತಾರೆ:

"ಇಷ್ಟು ವರ್ಷದಲ್ಲಿ ನನ್ನ ಫೋನಿಗೆ ಬಂದಿರೋದೆಲ್ಲ 'ಕಚ್ಚಿಬಿಡ್ತು, ಬನ್ನಿ' ಅನ್ನೋ ಕರೆನೇ. 'ನಮ್ಮ ನಾಯಿ ಗುರುಗುಟ್ತಿದೆ, ಏನು ಹೇಳ್ತಿದೆ ಅಂತ ಬಂದು ನೋಡಿ' ಅಂತ ಯಾರಾದ್ರೂ ಒಬ್ಬರು ಕರೀಲಿ. ಬಸ್ಸಿಗೂ ಕಾಯಲ್ಲ, ನಡ್ಕೊಂಡೇ ಹೋಗ್ತೀನಿ."