ಇಬ್ಬರಿಗೂ ಜಾಗ ಇರುವ ಬೋರ್ಡು

"ಅತ್ತೆ, ಬೋರ್ಡ್ ತರೋಕೆ ಶಿವಮೊಗ್ಗಕ್ಕೆ ಹೋಗಿಬರ್ತೀವಿ" ಎಂದು ಹೇಳಿ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಇಬ್ಬರಿಗೂ ಜಾಗ ಇರೋ ಅಂಥದ್ದೇ ನೋಡಿ ತಗೊಳ್ರಪ್ಪ!"

ಅತ್ತೆಗೆ ಕಂಪ್ಯೂಟರಿನ ಒಳಗುಟ್ಟೂ ತಿಳಿಯಿತಲ್ಲ ಎಂದು ಬೆರಗಾದೆ.

ಭದ್ರಾವತಿಯ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಆಫೀಸು. ಮೊದಲು ಅಲ್ಲಿ ನನ್ನ ಗಂಡ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದರು, ಮೂಲೆಯಲ್ಲಿ ಕುಳಿತು ನಾನು ಜನರ ಕನಸಿನ ಮನೆಗಳ ನಕ್ಷೆ ಬಿಡಿಸುತ್ತಿದ್ದೆ. ಈಗ ಇಬ್ಬರೂ ಸೇರಿ, ಇನ್ನೂ ಪಾಯವನ್ನೇ ತೋಡದ ಮನೆಯೊಳಗೆ ಯಜಮಾನರನ್ನು ಓಡಾಡಿಸುವ ವಿಡಿಯೋ ಮಾಡಿಕೊಡುತ್ತೇವೆ. ಅದಕ್ಕೆ ಚಿತ್ರ ಮೂಡಿಸುವ ಒಂದೇ ಗ್ರಾಫಿಕ್ಸ್ ಕಾರ್ಡಿನ ಕಸುವು ಸಾಲದು. ಅವರದೊಂದು, ನನ್ನದೊಂದು, ಎರಡನ್ನೂ ಒಂದೇ ಕಂಪ್ಯೂಟರಿನೊಳಗೆ ಕೂರಿಸಬಹುದಾದ ಮದರ್‌ಬೋರ್ಡ್ ಬೇಕಿತ್ತು. ದುಡಿಮೆ ಸಮಸಮ ಆದರೂ ಬಾಗಿಲಿಗೆ ಬಂದವರೆಲ್ಲ "ಸಾರ್ ಇಲ್ವಾ?" ಎಂದೇ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಿವಮೊಗ್ಗದ ಕೋಟೆ ಹತ್ತಿರದ ಅಂಗಡಿಯವರು ಒಂದು ಬೋರ್ಡ್ ತೆಗೆದು ತೋರಿಸಿದರು. ಕಾರ್ಡು ಸಿಕ್ಕಿಸುವ ಉದ್ದದ ಸ್ಲಾಟುಗಳು ಎರಡಿದ್ದವು.

"ಎರಡು ಕಾರ್ಡೂ ಆರಾಮಾಗಿ ಕೂರುತ್ತೆ ಮೇಡಂ."

"ಕೂರುತ್ತಂತಲ್ಲ ಮಾರಾಯ್ತಿ, ತಗೊಂಡ್ಬಿಡೋಣ" ಎಂದರು ನನ್ನವರು. ಅವರಿಗೆ ಯಾವಾಗಲೂ ಬಸ್ಸು ತಪ್ಪುವ ಅವಸರ.

ನಾನು ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಓದಿದೆ. ಮೊದಲ ಸ್ಲಾಟಿಗೆ ಮಾಹಿತಿ ಓಡಾಡಲು ಹದಿನಾರು ದಾರಿ, ಎರಡನೆಯದಕ್ಕೆ ನಾಲ್ಕೇ ನಾಲ್ಕು. ಹಾಕಿದ ಎಲೆ ಎರಡೂ ಒಂದೇ ಅಳತೆ, ಬಡಿಸುವಾಗ ಮಾತ್ರ ಒಂದಕ್ಕೆ ಹೋಳಿಗೆ ತುಪ್ಪ, ಇನ್ನೊಂದಕ್ಕೆ ತಿಳಿಸಾರು! ಶುದ್ಧ ಪಂಕ್ತಿಭೇದ.

"ರೀ, ಈ ಎರಡನೇ ಎಲೆ ಮುಂದೆ ಯಾರು ಕೂರೋದು?"

"ನಿಮ್ಮ ಕಾರ್ಡನ್ನೇ ಮೇಲಿನ ಸ್ಲಾಟಿಗೆ ಹಾಕಿ ಮೇಡಂ" ಎಂದು ಅಂಗಡಿಯವರು ರಾಜಿಗೆ ಬಂದರು. ನನಗೆ ಮೇಲೂ ಬೇಡ, ಕೆಳಗೂ ಬೇಡ. ಕೊನೆಗೆ ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿಯಿತು. ಎರಡು ಕಾರ್ಡು ಕೂತಾಗ ತಲಾ ಎಂಟೆಂಟು ದಾರಿ, ದಪ್ಪ ಕಾರ್ಡುಗಳು ಒಂದಕ್ಕೊಂದು ತಾಗದೆ ಗಾಳಿಯಾಡುವಷ್ಟು ನಡುವೆ ಅಂತರ. ಅದನ್ನೇ ತಂದೆವು.

ಮನೆಯಲ್ಲಿ ಪೆಟ್ಟಿಗೆ ನೋಡಿದ್ದೇ ಅತ್ತೆಯ ಮುಖ ಸಪ್ಪಗಾಯಿತು. "ಇಷ್ಟೇ ಇಷ್ಟಾ? ಬೀದಿಗೆ ಕಾಣ್ಸುತ್ತೇನೇ ಇದು?"

ಬಿಚ್ಚಿ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿನ್ನ ಹೆಸರೆಲ್ಲಿ ಬರ್ದಿದಾರೆ?"

ಆಗ ಹೊಳೆಯಿತು. ಅತ್ತೆ ಅಂದುಕೊಂಡಿದ್ದು ಬಾಗಿಲ ಮೇಲಿನ ಬೋರ್ಡು. ಅಲ್ಲಿ ಇನ್ನೂ ನನ್ನವರೊಬ್ಬರದೇ ಹೆಸರಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ನಗಲಿಲ್ಲ. ನಾನು ವಿವರಿಸಿದ ಎಂಟೆಂಟರ ಲೆಕ್ಕವನ್ನೆಲ್ಲ ಕೇಳಿಸಿಕೊಂಡು ಮಗನ ಕಡೆ ತಿರುಗಿದರು.

"ಒಳಗೆ ಸಮಪಾಲು. ಸರಿ. ಹೊರಗೆ?"

ಎಷ್ಟು ಸಲ ನಾಲಗೆಯ ತುದಿಗೆ ಬಂದರೂ ನಾನು ಕೇಳದೇ ಉಳಿದಿದ್ದ ಮಾತು ಅದು.

ಮದರ್‌ಬೋರ್ಡ್ ಕೂರಿಸಲೆಂದು ತೆಗೆದಿಟ್ಟಿದ್ದ ಸ್ಕ್ರೂಡ್ರೈವರ್ ಹಿಡಿದು ಇವರು ಹೊರಗೆ ನಡೆದರು. ಬಾಗಿಲ ಮೇಲಿನ ಹಳೆಯ ಬೋರ್ಡು ಇಳಿಯುವವರೆಗೂ ನಾನು ಸ್ಟೂಲನ್ನು ಅಲುಗದ ಹಾಗೆ ಹಿಡಿದುಕೊಂಡಿದ್ದೆ.