ಕ್ಯಾಮೆರಾಕ್ಕೆ ಕಟ್ಟಿದ ಹಗ್ಗ

ಆ ಕ್ಯಾಮೆರಾಕ್ಕೆ ಮಾಡಿದ ಉಪಚಾರವನ್ನು ನಮ್ಮ ಮನೆಯಲ್ಲಿ ಬಾಣಂತಿಗೂ ಯಾರೂ ಮಾಡಿರಲಿಲ್ಲ. ಮಗನ ಮಗಳು ಮೈಸೂರಿನಲ್ಲಿ ಸಿನಿಮಾ ತೆಗೆಯುವುದನ್ನು ಓದುತ್ತಾಳೆ. ಪರೀಕ್ಷೆಗೆ ಹತ್ತು ನಿಮಿಷದ ಸಿನಿಮಾ ಮಾಡಬೇಕೆಂದು ಜೊತೆಯಲ್ಲಿ ಓದುವ ಇಬ್ಬರು ಹುಡುಗರನ್ನು ಕರೆದುಕೊಂಡು ಬಂಡಳ್ಳಿ ಹತ್ತಿರದ ನಮ್ಮ ಹೊಲಕ್ಕೆ ಬಂದಳು. ಕ್ಯಾಮೆರಾ ಕಾಲೇಜಿನದು. ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ, ಮೇಲೆ ಒಗೆದ ಟವಲು, ಬಿಸಿಲಿಗೆ ಛತ್ರಿ, ಛತ್ರಿ ಹಿಡಿಯಲು ಒಬ್ಬ. ನಾನು ನೀರಿನ ಚೊಂಬು ಹಿಡಿದು ಹತ್ತಿರ ಹೋದರೆ "ಅಜ್ಜಿ, ದೂರ, ದೂರ" ಎನ್ನುತ್ತಿದ್ದರು.

ಅವರ ಕತೆಯಲ್ಲಿ ಒಬ್ಬ ರೈತ ಕೆಟ್ಟುನಿಂತ ಮೋಟಾರು ನೋಡಲು ಬಾವಿಗೆ ಇಳಿಯುತ್ತಾನೆ. ನಮ್ಮದು ತೆರೆದ ಬಾವಿ. ಗೋಡೆಯಿಂದ ಚಾಚಿದ, ಪಾಚಿ ಹಿಡಿದ ಕಲ್ಲುಗಳೇ ಮೆಟ್ಟಿಲು. ಅವನ್ನು ಇಳಿದರೆ ನೀರಿನ ಮೇಲೊಂದು ಸಣ್ಣ ಕಟ್ಟೆ, ಅದರ ಮೇಲೆ ಮೋಟಾರು. ಅದರ ಪಕ್ಕ ಒಬ್ಬರು ಕುಕ್ಕರಗಾಲಲ್ಲಿ ಕೂರಬಹುದು, ಅಷ್ಟೇ. ರೈತ ಇಳಿದು ಬರುವುದನ್ನು ಅಲ್ಲಿಂದಲೇ ತೆಗೆಯಬೇಕೆಂದು ಮೊಮ್ಮಗಳು ಹಟ ಹಿಡಿದಳು.

ಈ ಕಡೆ ಪಂಪ್‌ಸೆಟ್ಟಿನ ಕರೆಂಟಿಗೆ ಹೊತ್ತುಗೊತ್ತಿಲ್ಲ. ಬಂದ ತಕ್ಷಣ ಮೋಟಾರು ತಾನೇ ಓಡಲಿ ಎಂದು ಎಲ್ಲರೂ ಸ್ಟಾರ್ಟರಿಗೆ ಆಟೋ ಹಾಕಿಸಿದ್ದಾರೆ. ಅದಕ್ಕೇ ಬಾವಿಗೆ ಇಳಿಯುವವರು ಮೇಲಿನ ಪೆಟ್ಟಿಗೆಯಿಂದ ಮೂರೂ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡೇ ಇಳಿಯುತ್ತಾರೆ. ಹೆಂಡತಿಯ ಕೈಗೂ ಕೊಡುವುದಿಲ್ಲ. ನನ್ನ ಗಂಡ ಹಾಗೇ ಇಳಿಯುತ್ತಿದ್ದರು. ಮಗನಿಗೂ ಅದೇ ಅಭ್ಯಾಸ. ಆದರೆ ಆ ದಿನ ಅವನಿಗೆ ರೈತನ ಪಾತ್ರ ಕೊಟ್ಟು ಮುಖಕ್ಕೆ ಪೌಡರು ಬಳಿದಿದ್ದರು.

"ಫ್ಯೂಜು ಕಿತ್ತಾ?" ಎಂದು ಕೇಳಿದೆ.

"ಕರೆಂಟೇ ಇಲ್ಲ ಕಣವ್ವ. ಮೂರ್ ಗಂಟೆಗಂಟ ಬರಕಿಲ್ಲ. ನೀ ಸುಮ್ಕಿರು, ಡೈಲಾಗ್ ಮರ್ತೋಯ್ತದೆ."

"ಏನ್ಲಾ ನಿನ್ ಡೈಲಾಗು?"

"'ಅಯ್ಯೋ, ನನ್ ಮೋಟ್ರೇ' ಅನ್ಬೇಕು."

"ಅಷ್ಟುದ್ದ ಮಾತು! ಮರ್ತೋಯ್ತದೆ ಬುಡು."

ಹುಡುಗರು ನಕ್ಕರು. ನಾನೂ ನಕ್ಕೆ. ನಕ್ಕು, ಪೆಟ್ಟಿಗೆಯ ಕಡೆ ನೋಡದೆ ಮುದ್ದೆಗೆ ಎಸರಿಡಲು ಪಕ್ಕದ ಗುಡಿಸಲಿಗೆ ಹೋದೆ. ಆ ತಪ್ಪಿಗೆ ನನಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು.

ಅವರು ಕ್ಯಾಮೆರಾಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು ಎರಡು ಗಂಟು ಹಾಕಿದ್ದರು. ಹುಡುಗಿಗೆ ಏನೂ ಕಟ್ಟಿರಲಿಲ್ಲ. ಕುತ್ತಿಗೆಗೆ ಉದ್ದನೆಯ ವೇಲು ಬೇರೆ ಸುತ್ತಿಕೊಂಡು ಇಳಿದಿದ್ದಳು.

ಎಸರು ಇನ್ನೂ ಕಾದಿರಲಿಲ್ಲ. ಸ್ಟಾರ್ಟರು ಟಕ್ ಎಂದಿತು. ಮೋಟಾರು ಗುರ್ ಎಂದಿತು. ಓಡಿಹೋಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ ಮೂರೂ ಫ್ಯೂಜು ಕಿತ್ತೆ. ಮಗ ಮೇಲಿನ ಮೆಟ್ಟಿಲ ಮೇಲೆ ಬಾಯಿ ತೆರೆದು ನಿಂತಿದ್ದ. ಅವನ ಪಕ್ಕದಿಂದ ಬಾವಿಯೊಳಗೆ ಇಣುಕಿದೆ. ವೇಲಿನ ಅರ್ಧ ಮೋಟಾರಿನ ತಿರುಗುವ ಕಂಬಿಗೆ ಸುತ್ತಿಕೊಂಡಿತ್ತು, ಹರಿದ ಅರ್ಧ ಅವಳ ಕುತ್ತಿಗೆಯಲ್ಲಿತ್ತು. ತೆಳು ಬಟ್ಟೆ, ಹರಿಯಿತು. ಗಟ್ಟಿ ಬಟ್ಟೆಯಾಗಿದ್ದರೆ? ಅವಳು ಗೋಡೆಗೆ ಒತ್ತಿಕೊಂಡು ಎರಡೂ ಕೈಯಲ್ಲಿ ಕ್ಯಾಮೆರಾ ತಬ್ಬಿಕೊಂಡಿದ್ದಳು. ಕಲ್ಲು ಹಿಡಿಯಲು ಒಂದು ಕೈಯನ್ನೂ ಬಿಟ್ಟಿರಲಿಲ್ಲ.

"ಕ್ಯಾಮೆರಾಗೆ ಏನೂ ಆಗಿಲ್ಲ!" ಎಂದು ಕೂಗಿದಳು. ಅವಳ ಬಾಯಿಂದ ಮೊದಲು ಬಂದ ಮಾತು ಅದು.

ಹತ್ತಿ ಬಂದಾಗ ಒಬ್ಬ ಹುಡುಗ ಕೈ ಚಾಚಿದ, ಕ್ಯಾಮೆರಾ ಇಸಿದುಕೊಳ್ಳಲು. ಅದರ ಗಾಜು ಒರೆಸಿದ. ಹುಡುಗಿಯ ಕುತ್ತಿಗೆಯಲ್ಲಿ ಕೆಂಪು ಬರೆ ಎದ್ದಿತ್ತು.

"ಅದ್ಕೆ ಛತ್ರಿ, ಅಗ್ಗ, ಮರ. ಇವ್ಳಿಗೆ ಏನ್ಲಾ ಮಾಡಿದ್ರಿ? ಕ್ಯಾಮ್ರಾ ಎಲ್ಲಿ ಅಂತ ಕಾಲೇಜ್ನೋರು ನಿಮ್ಮ ಕೇಳ್ತಾರೆ. ಮೊಮ್ಮಗ್ಳೆಲ್ಲಿ ಅಂತ ನಾನ್ಯಾರ ಕೇಳ್ಲಿ?"

"ಸಾರಿ ಅಜ್ಜಿ" ಎಂದ ಗಾಜು ಒರೆಸಿದ ಹುಡುಗ. "ಸೇಫ್ಟಿ ಬಗ್ಗೆ ನಮಗೆ ಕ್ಲಾಸ್ ಕೂಡ ಮಾಡಿದ್ರು."

"ಏನೇಳ್ಕೊಟ್ರು?"

ಅವನು ತಲೆ ಬಗ್ಗಿಸಿದ. "ಲೆನ್ಸ್‌ಗೆ ಧೂಳು ಕೂರದ ಹಾಗೆ ನೋಡ್ಕೊಳ್ಳೋದು."

ಅವರನ್ನು ಅಲ್ಲಿಗೇ ಬಿಟ್ಟು ಮಗನ ಕಡೆ ತಿರುಗಿದೆ. "ಇವು ಪ್ಯಾಟೆ ಐಕ್ಳು, ತಿಳೀದು. ನಿಂಗೇನ್ಲಾ ಬಂದಿತ್ತು? ಬಾವೀಲಿ ಕುಂತಿದ್ದದ್ದು ನಿನ್ ಮಗ್ಳಲ್ವಾ?"

"ಏನೂ ಆಗ್ನಿಲ್ವಲ್ಲ, ಬುಡವ್ವ" ಎಂದ. ಬೆವರಿಗೆ ಪೌಡರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಅವನ ಆ ಮಾತನ್ನು ನಾನು ಈಗಲೂ ಕ್ಷಮಿಸಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮೊಮ್ಮಗಳು ನೀರು ಕುಡಿದು ಎದ್ದು, "ಅಜ್ಜಿ, ಈಗ ಫ್ಯೂಸ್ ಕಿತ್ತಿದೆಯಲ್ಲ. ಇನ್ನೊಂದ್ಸಲ ಇಳೀತೀನಿ. ಈ ಶಾಟ್‌ಗೋಸ್ಕರಾನೇ ಇಷ್ಟು ದೂರ ಬಂದಿರೋದು" ಎಂದಳು.

ಮಾತು ಸರಿಯಾಗೇ ಇತ್ತು. ಕರೆಂಟಿನ ಭಯ ಇನ್ನಿರಲಿಲ್ಲ.

"ನಿನ್ ಕಾಲ ನೋಡ್ಕೊ" ಎಂದೆ.

ನೋಡಿಕೊಂಡಳು. ಎರಡೂ ಕಾಲು ಗಡಗಡ ನಡುಗುತ್ತಿದ್ದವು. ಅವಳಿಗೇ ಗೊತ್ತಾಗಿರಲಿಲ್ಲ. ಆದರೂ "ಏನಾಗಲ್ಲ, ಮಾರ್ಕ್ಸ್ ಹೋಗುತ್ತೆ ಅಜ್ಜಿ" ಎಂದಳು.

"ಓಗ್ಲಿ."

ಬಾವಿಯ ಮೊದಲ ಮೆಟ್ಟಿಲಿಗೆ ಅಡ್ಡ ಕುಳಿತೆ. ಅತ್ತಳು, ಬೈದಳು, ನಿನಗೇನೂ ಅರ್ಥವಾಗುವುದಿಲ್ಲ ಎಂದಳು. ನಾನು ಏಳಲಿಲ್ಲ. ಮುದ್ದೆ ತಿನ್ನದೆ ಮೂವರೂ ಕೊಳ್ಳೇಗಾಲದ ಬಸ್ಸು ಹತ್ತಿದರು.

ಬಾವಿಯೊಳಗಿನ ಆ ಶಾಟ್ ಇಲ್ಲದೆ ಸಿನಿಮಾ ಸಪ್ಪೆಯಾಯಿತಂತೆ, ಮಾರ್ಕ್ಸೂ ಕಡಿಮೆ ಬಂತಂತೆ. ಮಗ ಹೇಳಿದ. ನನ್ನ ಜೊತೆ ಅವಳು ಮಾತು ಬಿಟ್ಟಿದ್ದಾಳೆ. ಅಪ್ಪನಿಗೆ ಫೋನು ಮಾಡಿದಾಗ "ಅಜ್ಜಿಗೆ ಕೊಡ್ಲಾ?" ಎಂದು ಅವನು ಕೇಳಿದರೆ ಬೇಡ ಎನ್ನುತ್ತಾಳೆ. ಬೇಡದಿದ್ದರೆ ಬೇಡ. ನಾಳೆ ಬಂದು ಕಾಲು ಹಿಡಿದರೂ, ನಡುಗುವ ಕಾಲಲ್ಲಿ ಆ ಪಾಚಿ ಕಲ್ಲು ಇಳಿಯಲು ನಾನು ಬಿಡುವವಳಲ್ಲ.