ಹುಣಸೆಯ ನೆರಳು ತೆಗೆದದ್ದು

ಗಿಡ ಸವರುವುದು ನಮ್ಮ ಮನೆತನದ ಕಸುಬು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಮಾಳಿಗೆಗೆ ಒರಗಿದ ಬೇವು, ದಾರಿಗೆ ಬಾಗಿದ ಜಾಲಿ, ಎಪ್ಪತ್ತರ ದಶಕದಲ್ಲಿ ಊರೂರಿಗೆ ಕರೆಂಟು ಬಂದ ಮೇಲೆ ತಂತಿಗೆ ತಾಗುವ ಟೊಂಗೆ, ಎಲ್ಲದಕ್ಕೂ ಝಳಕಿಯ ಸುತ್ತಮುತ್ತ ನಮ್ಮಪ್ಪನನ್ನೇ ಕರೆಯುತ್ತಿದ್ದರು. ಅಪ್ಪ ಗಿಡ ಏರುವ ಮೊದಲೇ ಮಾಲೀಕನಿಗೆ ಹೇಳಿಬಿಡುತ್ತಿದ್ದ: ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯುವುದಿಲ್ಲ, ನೆತ್ತಿ ಮುಟ್ಟುವುದಿಲ್ಲ, ಬಿರುಬೇಸಿಗೆಯಲ್ಲಿ ಕೊಡಲಿ ಎತ್ತುವುದಿಲ್ಲ. ಒಪ್ಪದಿದ್ದರೆ ಹಗ್ಗ ಸುತ್ತಿಕೊಂಡು ಮನೆಗೆ ಬರುತ್ತಿದ್ದ. "ಗಿರಾಕಿ ಹೇಳಿದಂಗ ಕಡಿಯಾಕ ನಾ ಏನ್ ಕಸಾಯಿ ಏನು?" ಎನ್ನುತ್ತಿದ್ದ. ಇಂಡಿ ಪಟ್ಟಣದ ಸಾವಕಾರನೊಬ್ಬ ತಾನೇ ಬಂದು ಕರೆದಾಗಲೂ ಹೋಗಲಿಲ್ಲ. ನನಗದು ಬಡವನ ಸೊಕ್ಕು ಎನಿಸುತ್ತಿತ್ತು.

ಅಪ್ಪ ಸತ್ತ ಮರುವರ್ಷ, ಯುಗಾದಿ ಮುಗಿದ ವಾರಕ್ಕೆ, ನಾಲತವಾಡದಿಂದ ತಂಗಿಯ ಅತ್ತೆ ಹೇಳಿಕಳಿಸಿದಳು. ಕೊಡಲಿ, ಹಗ್ಗ ತೆಗೆದುಕೊಂಡು ಬರಬೇಕಂತೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳ ದಾಟಿ ಹೋಗಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು.

ತಂಗಿಗೆ ಎರಡು ಸಲ ಬಸಿರು ಇಳಿದಿತ್ತು. ಈಗ ಮೂರನೆಯದು, ಮೂರು ತಿಂಗಳು. ಹೇಳಿಕೆ ಹೇಳುವ ಅಜ್ಜನೊಬ್ಬ ಮನೆಯ ಮೂಡಣಕ್ಕಿದ್ದ ಹುಣಸೆಯನ್ನು ತೋರಿಸಿ, ಮುಂಜಾನೆ ಅದರ ನೆರಳು ತಲೆಬಾಗಿಲಿಗೆ ಬೀಳುತ್ತಿರುವ ತನಕ ಇಲ್ಲಿ ಕೂಸು ನಿಲ್ಲುವುದಿಲ್ಲ ಎಂದಿದ್ದ. ಹಾಗಂತ ಹುಣಸೆ ಸಾಯಲೂಬಾರದು. ಅದು ಹಿರಿಯರು ನೆಟ್ಟದ್ದು, ಸತ್ತರೆ ಅವರು ಮುನಿಯುತ್ತಾರೆ. ಗಿಡ ಇರಬೇಕು, ನೆರಳು ಇರಬಾರದು! ಹೇಳುವವನಿಗೇನು, ಹೇಳಿ ಹೋದ.

ನಾನು ಗಿಡದ ಸುತ್ತ ಒಂದು ಸುತ್ತು ಬಂದೆ. ನೆರಳು ಹೋಗಬೇಕೆಂದರೆ ತಲೆಯನ್ನೇ ತೆಗೆಯಬೇಕಿತ್ತು. ಮೈತುಂಬ ಎಳೆಚಿಗುರು. ನಮ್ಮ ಕಡೆಯ ಬಿಸಿಲಿಗೆ ಅದನ್ನು ಬೋಳು ಮಾಡಿ ನಿಲ್ಲಿಸಿದರೆ ತೊಗಟೆ ಸುಟ್ಟು ಬಿರಿಯುತ್ತದೆ, ಅಷ್ಟು ಮುದಿಗಿಡ ತಡೆಯುವುದಿಲ್ಲ. ಇದು ನನ್ನ ಅಂದಾಜಲ್ಲ, ನನಗೆ ಗೊತ್ತಿತ್ತು.

"ಅತ್ತೀ, ಮಳಿ ಬರಲಿ. ಆಮ್ಯಾಲ ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ ಸವರೋಣು," ಎಂದೆ.

"ಮಳಿ ಬರೂತನಾ ಹೊಟ್ಟ್ಯಾಗಿಂದು ಕಾಯ್ತೈತೇನ್ರಿ ಬೀಗರ?" ಎಂದಳು. "ನಿಮ್ಮ ಕೈಲೆ ಆಗಂಗಿಲ್ಲಂದ್ರ ನಿಮ್ಮ ತಂಗೀನೂ ಕರ್ಕೊಂಡ ಹೋಗ್ರಿ. ಹಡೀದಾಕಿನ್ನ ಇಟಗೊಂಡು ನಾವರ ಏನ್ ಮಾಡೂಣು?"

ತಂಗಿ ಚರಗಿಯಲ್ಲಿ ನೀರು ತಂದಳು. ಕೊಡುವಾಗ ಮೆಲ್ಲಗೆ ಕೇಳಿದಳು, "ಅಣ್ಣಾ, ಗಿಡ ಉಳಿತೈತಿ ಹೌದಿಲ್ಲೋ? ನನಗ ಅದರ ಪಾಪ ಬ್ಯಾಡ."

ಅವಳ ಮುಖ ನೋಡಿದೆ. ಎಷ್ಟು ಬಡವಾಗಿದ್ದಳೆಂದರೆ ನನ್ನ ಬಾಯಲ್ಲಿ ನಿಜ ಹೊರಡಲಿಲ್ಲ. "ಉಳಿತೈತಿ ತಂಗೆವ್ವಾ. ಹುಣಸಿಗೆ ಎಲ್ಲಿ ಸಾವು?" ಎಂದೆ.

ಮರುದಿನ ಇಡೀ ಹಗಲು ಕಡಿದೆ. ನೆತ್ತಿಯ ಒಂದು ಟೊಂಗೆಯನ್ನು ಮಾತ್ರ ಕದ್ದು ಬಿಟ್ಟೆ, ಅದರ ಮೇಲಾದರೂ ಉಸಿರಾಡಲಿ ಎಂದು. ಅದರ ಮರುದಿನ ಮುಂಜಾನೆ ಅತ್ತೆ ಹೊಸ್ತಿಲ ಮೇಲೆ ಬಿದ್ದ ಬೆರಳು ದಪ್ಪದ ನೆರಳನ್ನು ತೋರಿಸಿದಳು. ಅದನ್ನೂ ಏರಿ ಕಡಿದೆ. ಗಾಯಗಳಿಗೆ ಸೆಗಣಿ, ಕೆಮ್ಮಣ್ಣು ಕಲಸಿ ಮೆತ್ತಿದೆ. ಹೆಣಕ್ಕೆ ಅರಿಶಿನ ಹಚ್ಚಿದ ಹಾಗಿತ್ತು. ತಂಗಿ ನಗುನಗುತ್ತ ಬುತ್ತಿ ಕಟ್ಟಿಕೊಟ್ಟಳು. ಆ ಬುತ್ತಿಯನ್ನು ನಾನು ದಾರಿಯಲ್ಲಿ ಬಿಚ್ಚಲಿಲ್ಲ.

ಕಾರಹುಣ್ಣಿಮೆಗೆ ಸುತ್ತಲಿನ ಗಿಡಗಳೆಲ್ಲ ಹಸಿರಾದವು, ಅದು ಮಾತ್ರ ಚಿಗುರಲಿಲ್ಲ. ತೊಗಟೆ ಹಾಳೆಹಾಳೆಯಾಗಿ ಕಳಚಿತು. ಅದಾದ ಎಂಟು ದಿನಕ್ಕೆ ತಂಗಿಯ ಬಸಿರೂ ಇಳಿಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ಸಂಬಂಧ ಕಟ್ಟುವವರ ಅಂಗಳದಲ್ಲಿ ಒಣಗಿದ ಬೊಡ್ಡೆಯನ್ನು ನಿಲ್ಲಿಸಿ ಬಂದವನು ನಾನೇ. "ಅಣ್ಣ ಹಿರಿಯರ ಗಿಡ ಕೊಂದ, ತಂಗಿ ಕೂಸು ಕೊಂದ್ಳು," ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಅಂದಳಂತೆ. ಒಂದು ಟ್ರಂಕಿನೊಡನೆ ತಂಗಿಯನ್ನು ಬಸ್ಸಿಗೆ ಹತ್ತಿಸಿದರು. ಕರೆಯಲು ಮತ್ತೆ ಯಾರೂ ಬರಲಿಲ್ಲ.

ನಮ್ಮ ಮನೆಯಲ್ಲಿ ಅವಳು ಅಳುವುದನ್ನು ನಾನು ನೋಡಲಿಲ್ಲ. ಕಳೆ ತೆಗೆಯಲು ಹೋಗುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ, ತಲೆ ಎತ್ತದೆ ಕೇಳಿದಳು:

"ಅಣ್ಣಾ, ಅದು ಒಣಗತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?"

ಇನ್ನೊಂದು ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದೆ.

ಅವಳ ಕೈ ಮೊರದ ಮೇಲೇ ನಿಂತಿತು. "ಮತ್ತ ನಾ ಅವತ್ತ ಕೇಳಿದ್ನಲ್ಲಾ," ಎಂದಳು. "ನೀ ಖರೇ ಹೇಳಿದ್ರ ನಾನ ಬ್ಯಾಡ ಅಂತಿದ್ದೆ. ಆಕಿ ಬೈದ್ರ ಬೈಸ್ಕೋತಿದ್ದೆ."

ಗಿರಾಕಿಯ ಮಾತು ಕೇಳಿ ಗಿಡ ಕೆಡಿಸುವುದು ತಪ್ಪು ಎಂದು ಅಪ್ಪ ಕಲಿಸಿದ್ದ. ಗಿರಾಕಿಗೆ ಸುಳ್ಳು ಹೇಳುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ಅಪ್ಪ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದು ಅವನಿಗೆ ಅನಿಸಿರಲಿಕ್ಕಿಲ್ಲ.

ತಂಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಅಣ್ಣಾ ಎಂದೇ ಕರೆಯುತ್ತಿದ್ದಳು, ಉಣ್ಣಲು ಬಡಿಸುತ್ತಿದ್ದಳು. ಆದರೆ ಆ ದಿನದ ನಂತರ ನನ್ನನ್ನು ಏನನ್ನೂ ಕೇಳಲಿಲ್ಲ. ಇಂಡಿಗೆ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಕೂಡ, ನಾನು ಎದುರಿಗೆ ಕುಳಿತಿದ್ದರೂ, ಹೊರಗೆ ಹೋಗಿ ಬೇರೆಯವರನ್ನು ಕೇಳಿ ಬರುತ್ತಿದ್ದಳು.